ತಿಳಿನೀರೂ ಶುದ್ಧನೀರೂ



ಕರಾವಳಿಯಿಂದ 200 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವ ಬೆಳ್ಳಂದೂರಿನಲ್ಲಿ ಕಡಲಮೀನು ಸಾಕುವವರಿದ್ದಾರೆ. ನನ್ನ ಮಗನ ಮನೆಯಲ್ಲಿಯೂ 100 ಲೀಟರಿನ ಒಂದು ಗಾಜಿನ ತೊಟ್ಟಿಯಿದೆ. ಮಗನೂ ಸೊಸೆಯೂ ಕಚೇರಿಗೆ ಹೋದ ಮೇಲೆ ಅದರ ಪಾಲನೆ ನನ್ನದು. ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಈ ತೊಟ್ಟಿ ಒಂದು ಮಾತಿನ ಅರ್ಥವನ್ನು ಹೊಸದಾಗಿ ಕಲಿಸಿತು. ‘ತಿಳಿ’ ಎಂಬುದು ಬೇರೆ, ‘ಶುದ್ಧ’ ಎಂಬುದು ಬೇರೆ. ನೀರು ಸೋಸುವ ಏರ್ಪಾಡಿನ ಗುಟ್ಟೆಲ್ಲ ಈ ಭೇದದಲ್ಲಿದೆ.

ಸೋಸುವಿಕೆ ಎಂದೊಡನೆ ನಮಗೆ ನೆನಪಾಗುವುದು ಬಟ್ಟೆ ಅಥವಾ ಸ್ಪಂಜು. ಇದು ಮೊದಲ ಹಂತ ಮಾತ್ರ. ಪಂಪು ತಳ್ಳಿದ ನೀರು ಸ್ಪಂಜಿನ ಮೂಲಕ ಹಾಯುವಾಗ ಮಿಕ್ಕ ಆಹಾರವೂ ಮಲದ ಕಣಗಳೂ ಅಲ್ಲಿ ಸಿಕ್ಕಿಕೊಳ್ಳುತ್ತವೆ. ನೀರು ತಿಳಿಯಾಗುತ್ತದೆ. ಆದರೆ ಸಿಕ್ಕಿದ ಕಸ ಇನ್ನೂ ನೀರಿನೊಳಗೇ ಇದೆ, ಅಲ್ಲಿಯೇ ಕೊಳೆಯುತ್ತದೆ. ಆದುದರಿಂದ ಎರಡು ಮೂರು ದಿನಗಳಿಗೊಮ್ಮೆ ಅದನ್ನು ತೆಗೆದು ತೊಳೆಯಬೇಕು.

ಎರಡನೆಯ ಹಂತ ಕಣ್ಣಿಗೆ ಕಾಣದ್ದು. ಮೀನು ತನ್ನ ಕಿವಿರುಗಳಿಂದ ಅಮೋನಿಯವನ್ನು ಹೊರಬಿಡುತ್ತದೆ. ಕಡಲನೀರಿನ ಕ್ಷಾರಗುಣದಿಂದ ಅದರ ವಿಷ ಇನ್ನಷ್ಟು ಹೆಚ್ಚುತ್ತದೆ. ಒಂದು ಬಗೆಯ ಸೂಕ್ಷ್ಮಜೀವಿಗಳು ಇದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ಆ ನೈಟ್ರೈಟನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. 1890ರ ಸುಮಾರಿನಲ್ಲಿ ರಷ್ಯದ ವಿಜ್ಞಾನಿ ವಿನೊಗ್ರಾಡ್‌ಸ್ಕಿ ಮಣ್ಣಿನಲ್ಲಿ ಕಂಡುಹಿಡಿದ ಕ್ರಿಯೆಯೇ ಇದು. ಈ ಜೀವಿಗಳ ವಾಸಕ್ಕೆ ರಂಧ್ರಮಯವಾದ ಕಲ್ಲು ಬೇಕು. ಉಸಿರಾಟಕ್ಕೆ ಆಮ್ಲಜನಕ ಬೇಕು. ವಿದ್ಯುತ್ತು ಹೋದಾಗ ಪಂಪು ನಿಂತರೆ ಮೀನಿನೊಡನೆ ಇವೂ ಸಂಕಟಪಡುತ್ತವೆ. ಬ್ಯಾಟರಿಯಿಂದ ನಡೆಯುವ ಒಂದು ಗಾಳಿಪಂಪು ಮನೆಯಲ್ಲಿರಲೇಬೇಕು.

ಈ ಅಗೋಚರ ಸಂಸಾರ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕಾದೀತು. ಅಲ್ಲಿಯವರೆಗೆ ತೊಟ್ಟಿಗೆ ಮೀನು ಬಿಡಬಾರದು. ಚಿಟಿಕೆ ಆಹಾರ ಹಾಕುತ್ತ, ನೀರನ್ನು ಪರೀಕ್ಷಿಸುತ್ತ, ಅಮೋನಿಯ ಮತ್ತು ನೈಟ್ರೈಟ್ ಎರಡೂ ಏರಿ ಮತ್ತೆ ಸೊನ್ನೆಗೆ ಇಳಿಯುವವರೆಗೂ ಕಾಯಬೇಕು. ಕೊಂಡ ದಿನವೇ ಮೀನು ಬಿಡುವವರ ತೊಟ್ಟಿಯಲ್ಲಿ ಕನ್ನಡಿಯಂಥ ತಿಳಿನೀರಿನಲ್ಲಿಯೇ ಮೀನು ಸಾಯುವುದು ಈ ಕಾರಣದಿಂದ.

ಕಲ್ಲಿನ ವಿಚಾರದಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ಇಂಡೊನೇಷ್ಯದ ಲೀ ಚಿನ್ ಎಂಗ್ 1961ರಲ್ಲಿ ತನ್ನ ವಿಧಾನವನ್ನು ಪ್ರಕಟಿಸಿದಾಗ, ಕಡಲಿನಿಂದ ತಂದ ಜೀವಂತ ಕಲ್ಲೇ ಅದರ ಆಧಾರವಾಗಿತ್ತು. ನಮ್ಮಲ್ಲಿ ಅದು ಸಲ್ಲದು. ಬಂಡೆಕಟ್ಟುವ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿವೆ. ಹುಲಿಗಿರುವ ರಕ್ಷಣೆಯೇ ಅವಕ್ಕೂ ಇದೆ. ಮುರ್ಡೇಶ್ವರದಾಚೆಯ ನೇತ್ರಾಣಿಯ ಹವಳವನ್ನು ಮುರಿದು ನಮ್ಮ ಹಜಾರವನ್ನು ಸಿಂಗರಿಸಬೇಕಾಗಿಲ್ಲ. ಸುಟ್ಟ ಜೇಡಿಯಿಂದ ಮಾಡಿದ ರಂಧ್ರಮಯ ಕಲ್ಲು ಸೂಕ್ಷ್ಮಜೀವಿಗಳಿಗೆ ಸಾಕು.

ಮೂರನೆಯ ಹಂತ ನೊರೆಯದು. ಪ್ರೋಟೀನ್ ಸ್ಕಿಮ್ಮರ್ ಎಂಬ ಕೊಳವೆಯಲ್ಲಿ ಅತಿಸಣ್ಣ ಗುಳ್ಳೆಗಳು ಮೇಲೇರುತ್ತವೆ. ನೀರಿನಲ್ಲಿ ಕರಗಿದ ಪ್ರೋಟೀನಿನಂಥ ವಸ್ತುಗಳಲ್ಲಿ ಒಂದು ಭಾಗ ನೀರಿಗೆ ಒಲಿಯುತ್ತದೆ, ಇನ್ನೊಂದು ನೀರಿನಿಂದ ದೂರವಾಗಲು ಹವಣಿಸುತ್ತದೆ. ಆದ್ದರಿಂದ ಅವು ಗುಳ್ಳೆಯ ಮೈಗೆ ಅಂಟಿಕೊಂಡು ನೊರೆಯಾಗಿ ಮೇಲಿನ ಬಟ್ಟಲಿಗೆ ಬಂದು ಬೀಳುತ್ತವೆ. ವಾರದ ಕೊನೆಗೆ ಬಟ್ಟಲಿನಲ್ಲಿ ಕಷಾಯದ ಬಣ್ಣದ, ಮೂಗು ಮುಚ್ಚಿಸುವ ದ್ರವ ನಿಂತಿರುತ್ತದೆ. ಅದೆಲ್ಲ ಮೊನ್ನೆಯವರೆಗೂ ತಿಳಿನೀರಿನಲ್ಲಿಯೇ ಅಡಗಿತ್ತು.

ಬೆಳ್ಳಂದೂರಿನವರಿಗೆ ನೊರೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಚರಂಡಿಯೊಡನೆ ಬಂದ ಸಾಬೂನುಪುಡಿಯ ಅಂಶಗಳು ಕೆರೆಯ ಕೋಡಿಯಲ್ಲಿ ಧುಮುಕಿ ಗಾಳಿಯೊಡನೆ ಕಡೆದಾಗ ಎದ್ದದ್ದೂ ಇದೇ ನಿಯಮದ ನೊರೆ. 2015ರ ಮೇ ತಿಂಗಳಲ್ಲಿ ಯಮಲೂರಿನ ಬಳಿ ಅದಕ್ಕೆ ಬೆಂಕಿ ಹತ್ತಿತು. 2017ರ ಫೆಬ್ರುವರಿಯಲ್ಲಿ ಕೆರೆಯೇ ಹೊಗೆಯಾಡಿತು. ತೊಟ್ಟಿಯ ನೊರೆಗೆ ಒಂದು ಬಟ್ಟಲಿದೆ, ಅದನ್ನು ಚೆಲ್ಲುವ ಕೈಯಿದೆ. ಕೆರೆಯ ನೊರೆಗೆ ಎರಡೂ ಇರಲಿಲ್ಲ. ಗಾಳಿ ಅದನ್ನು ರಸ್ತೆಗೆ ಎರಚಿತು.

ಇಷ್ಟಾದರೂ ನೈಟ್ರೇಟ್ ಉಳಿಯುತ್ತದೆ. ಕಲ್ಲಿನ ಒಳಪದರದಲ್ಲಿ, ಆಮ್ಲಜನಕ ತಲುಪದೆಡೆ, ಬೇರೆ ಸೂಕ್ಷ್ಮಜೀವಿಗಳು ಅದರ ಒಂದಂಶವನ್ನು ಸಾರಜನಕವಾಗಿಸಿ ಗಾಳಿಗೆ ಬಿಡುತ್ತವೆ. ಚಿಕ್ಕ ತೊಟ್ಟಿಗೆ ಅದು ಸಾಲದು. ವಾರಕ್ಕೆ 10 ಲೀಟರು ಹಳೆಯ ನೀರು ತೆಗೆದು ಹೊಸದು ಹಾಕಬೇಕು. ಕೊಳವೆಬಾವಿಯ ನೀರಿನಲ್ಲಿ ನೈಟ್ರೇಟ್ ಮೊದಲೇ ಇರಬಹುದಾದ್ದರಿಂದ ಆರ್.ಓ. ಯಂತ್ರದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಕಡಲುಪ್ಪಿನ ಮಿಶ್ರಣ ಬೆರೆಸುವುದು ಲೇಸು. ಆವಿಯಾದ ನೀರಿನ ಬದಲಿಗೆ ಮಾತ್ರ ಸಿಹಿನೀರನ್ನೇ ಸುರಿಯಬೇಕು, ಉಪ್ಪು ಆವಿಯಾಗುವುದಿಲ್ಲವಷ್ಟೆ.

ತೊಟ್ಟಿಯ ಲೆಕ್ಕ ಸರಳವಾದದ್ದು: ಒಳಗೆ ಹಾಕಿದ್ದನ್ನು ಯಾರಾದರೂ ಹೊರಗೆ ತೆಗೆಯಲೇಬೇಕು. ಮನೆಯ ನೂರು ಲೀಟರಿಗೆ ಈ ಲೆಕ್ಕವನ್ನು ದಿನವೂ ತಪ್ಪದೆ ಇಡಬಲ್ಲ ನಾವು, ನಮ್ಮ ಬಚ್ಚಲಿನಿಂದ ಹೊರಟ ನೀರಿನ ಲೆಕ್ಕವನ್ನೂ ಕೇಳಬೇಕಲ್ಲವೆ? ಬಹುಮಹಡಿ ಕಟ್ಟಡಗಳ ನೆಲಮಾಳಿಗೆಯ ಶುದ್ಧೀಕರಣ ಘಟಕಗಳಲ್ಲಿಯೂ ದುಡಿಯುವುದು ಗಾಳಿ ಬೇಡುವ ಸೂಕ್ಷ್ಮಜೀವಿಗಳೇ. ಅಲ್ಲಿ ಗಾಳಿಯಂತ್ರ ತಿರುಗುತ್ತಿದೆಯೇ ಎಂದು ತಿಂಗಳಿಗೊಮ್ಮೆ ಇಳಿದು ನೋಡುವ ಅಭ್ಯಾಸವನ್ನು ನಾನು ಇಟ್ಟುಕೊಂಡಿದ್ದೇನೆ. ನೀವೂ ನೋಡಿ.