ಹಾಸುಗಲ್ಲೂ ಗಿಟಾರಿನ ದನಿಯೂ

ಚಂದಾಪುರದ ವಿದ್ಯಾರ್ಥಿಯೊಬ್ಬನು ಮನೆಯಲ್ಲಿಯೇ ಗಿಟಾರು ನುಡಿಸಿ, ಅದನ್ನು ಮುದ್ರಿಸಿಕೊಂಡು ನನಗೆ ಕೇಳಿಸಲು ತಂದನು. ವಾದ್ಯ ಒಳ್ಳೆಯದು, ಬೆರಳೂ ಪಳಗಿದ್ದಿತು. ಆದರೂ ದನಿಯು ಬರಿಗೊಡದೊಳಗಿನಿಂದ ಹೊರಟಂತಿದ್ದಿತು. ದೋಷವು ಮೈಕಿನದೆಂದು ಬಗೆದು, ವಿದ್ಯಾರ್ಥಿವೇತನದ ಹಣದಲ್ಲಿ ಬೆಲೆಬಾಳುವ ಹೊಸ ಮೈಕೊಂದನ್ನು ಕೊಳ್ಳುವ ಸಿದ್ಧತೆಯಲ್ಲಿದ್ದನು. ಮೊದಲು ನಿನ್ನ ಮನೆಯ ನೆಲವನ್ನು ತೋರಿಸು ಎಂದೆನು.

ನಮ್ಮ ಭಾಗದ ಹೆಚ್ಚಿನ ಮನೆಗಳಂತೆ ಅಲ್ಲಿಯೂ ಶಹಾಬಾದ್ ಕಲ್ಲಿನ ಹಾಸು. ಬೇಸಿಗೆಯಲ್ಲಿ ಕಾಲಿಗೆ ತಂಪೆನಿಸುವ ಈ ಸುಣ್ಣಕಲ್ಲು ಶಬ್ದಕ್ಕೆ ಕನ್ನಡಿಯಿದ್ದಂತೆ. ತನ್ನ ಮೇಲೆ ಬಿದ್ದ ಶಬ್ದಶಕ್ತಿಯಲ್ಲಿ ಶೇಕಡಾ 95ರಷ್ಟನ್ನಾದರೂ ಹಿಂದಿರುಗಿಸಿಬಿಡುತ್ತದೆ. ಆದುದರಿಂದ ಮೈಕಿಗೆ ಒಂದಲ್ಲ, ಎರಡು ಗಿಟಾರುಗಳು ಕೇಳಿಸುತ್ತವೆ: ಒಂದು ನೇರವಾಗಿ, ಇನ್ನೊಂದು ನೆಲದಿಂದ ಪುಟಿದು.

ಲೆಕ್ಕ ಹಾಕಿ ನೋಡೋಣ. ಗಿಟಾರೂ ಮೈಕೂ ನೆಲದಿಂದ 60 ಸೆಂ.ಮೀ. ಎತ್ತರದಲ್ಲಿವೆ, ಅವುಗಳ ನಡುವಣ ಅಂತರವೂ 60 ಸೆಂ.ಮೀ. ಎಂದಿಟ್ಟುಕೊಳ್ಳಿ. ಪುಟಿದ ಶಬ್ದವು ಕ್ರಮಿಸುವ ದಾರಿ, ಪೈಥಾಗೊರಸನ ಸೂತ್ರದಂತೆ, 134 ಸೆಂ.ಮೀ. ದಾರಿಗಳ ವ್ಯತ್ಯಾಸ 74 ಸೆಂ.ಮೀ. ಇದು ಯಾವ ತರಂಗದ ಅರ್ಧ ಉದ್ದವೋ ಆ ತರಂಗದಲ್ಲಿ, ಒಂದರ ಒತ್ತಡ ಏರುವಾಗ ಇನ್ನೊಂದರದು ಇಳಿಯುತ್ತಿರುತ್ತದೆ. ಎರಡೂ ಸೇರಿ ದನಿ ಕುಗ್ಗುತ್ತದೆ. ನಮ್ಮ ಬೆಚ್ಚನೆಯ ಹವೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 350 ಮೀಟರ್. ಹಾಗಾದರೆ ಕುಗ್ಗುವುದು ಸೆಕೆಂಡಿಗೆ ಸುಮಾರು 236 ಕಂಪನಗಳುಳ್ಳ ಸ್ವರ. ಗಿಟಾರಿನ ಎರಡನೆಯ ತಂತಿಯ ಶ್ರುತಿ 247! ಇಮ್ಮಡಿ ಕಂಪನಗಳ ಸ್ವರದಲ್ಲಾದರೋ ಎರಡೂ ಕೂಡಿ ಹಿಗ್ಗುತ್ತವೆ. ಬರಿಗೊಡದ ದನಿಗೆ ಈ ಏರುಪೇರೇ ಮುಖ್ಯ ಕಾರಣ.

ಪರಿಹಾರಕ್ಕೆ ಖರ್ಚಿಲ್ಲ. ದೂರ ಹೆಚ್ಚಿದಂತೆ ಶಬ್ದದ ಒತ್ತಡ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. 60 ಸೆಂ.ಮೀ. ಅಂತರದಲ್ಲಿ ಪುಟಿದ ದನಿಯು ನೇರ ದನಿಯ ಹೆಚ್ಚುಕಡಿಮೆ ಅರ್ಧದಷ್ಟಿರುತ್ತದೆ. ಮೈಕನ್ನು 30 ಸೆಂ.ಮೀ.ಗೆ ಸರಿಸಿದರೆ ಕಾಲುಭಾಗಕ್ಕಿಳಿಯುತ್ತದೆ. ಇನ್ನೂ ಹತ್ತಿರ ತರಬಾರದೇಕೆಂದರೆ, ಒಂದೇ ದಿಕ್ಕಿನ ಶಬ್ದವನ್ನು ಹಿಡಿಯುವ ಮೈಕುಗಳು ಸಮೀಪದಲ್ಲಿ ಮಂದ್ರಸ್ವರಗಳನ್ನು ಅತಿಯಾಗಿ ಉಬ್ಬಿಸುತ್ತವೆ. ಗಿಟಾರಿನ ರಂಧ್ರದೆದುರಿಗೂ ಬೇಡ. ಪೆಟ್ಟಿಗೆಯೊಳಗಿನ ಗಾಳಿ ಸುಮಾರು 100 ಕಂಪನಗಳಲ್ಲಿ ಅನುನಾದಗೊಂಡು ಅಲ್ಲಿ ಗುಂಯ್ಗುಡುತ್ತಿರುತ್ತದೆ. ಕುತ್ತಿಗೆಯು ಪೆಟ್ಟಿಗೆಯನ್ನು ಸೇರುವೆಡೆಗೆ ಮೈಕನ್ನು ಗುರಿಯಿಡುವುದು ಉತ್ತಮ.

ನೆಲಕ್ಕೆ ಕಂಬಳಿ ಹಾಸಿದರಾಗದೇ ಎಂದು ಅವನು ಕೇಳಿದನು. ತೆಳುವಾದ ಕಂಬಳಿ ತಾರಸ್ವರಗಳನ್ನು ಮಾತ್ರ ಹೀರುತ್ತದೆ. 236 ಕಂಪನಗಳ ತರಂಗವು ಸುಮಾರು ಒಂದೂವರೆ ಮೀಟರ್ ಉದ್ದದ್ದು, ಅದಕ್ಕೆ ಕಂಬಳಿ ಲೆಕ್ಕಕ್ಕೇ ಇಲ್ಲ. ಆದರೆ ಅವರ ಮನೆಯಲ್ಲಿ ಅಜ್ಜಿ ಹೊಲಿದ ದಪ್ಪ ಕೌದಿಗಳಿದ್ದವು. ಅವನ್ನು ಗೋಡೆಯಿಂದ ಗೇಣುದ್ದ ಈಚೆಗೆ ಇಳಿಬಿಟ್ಟೆವು. ಹಿಂದಣ ಗಾಳಿಯ ತೆರಪಿನಿಂದ ಹೀರಿಕೆ ಹೆಚ್ಚುತ್ತದೆ. ಚಪ್ಪಾಳೆ ತಟ್ಟಿದಾಗ ಗೋಡೆಗೋಡೆಗಳ ನಡುವೆ ಮೊದಲು ಕೇಳುತ್ತಿದ್ದ ಟರ್ರೆಂಬ ಮರುದನಿ ಅಡಗಿತು. ಹಾರ್ವರ್ಡಿನ ಸಬೀನನು 1895ರಲ್ಲಿ ಆರಂಭಿಸಿದ ಪ್ರಯೋಗಗಳೂ ಹೀಗೆಯೇ. ನಾಟಕಶಾಲೆಯ ಆಸನದ ದಿಂಬುಗಳನ್ನು ಹೊತ್ತು ತಂದು ಉಪನ್ಯಾಸ ಮಂದಿರದ ಅನುರಣನವನ್ನು ಅಳೆದನು.

ಹಳೆಯ ಮೈಕಿನಲ್ಲಿಯೇ ಮತ್ತೊಮ್ಮೆ ಮುದ್ರಿಸಿದೆವು. ಎರಡನೆಯ ತಂತಿ ತುಂಬಿ ನುಡಿಯಿತು. ಹಿನ್ನೆಲೆಯಲ್ಲಿ ಉಳಿದದ್ದು ಫ್ಯಾನಿನ ಸದ್ದೊಂದೇ. ನಮ್ಮೂರ ಮೇ ತಿಂಗಳಿನಲ್ಲಿ ಅದನ್ನು ನಿಲ್ಲಿಸೆನ್ನುವ ಧೈರ್ಯ ನನಗಾಗಲಿಲ್ಲ.