ಒಂದು ಯಂತ್ರ, ಹಲವು ಮನೆ

ಕುಲಗೋಡ ತಮ್ಮಣ್ಣನ ಪಾರಿಜಾತ ಮನೆಮಾತಾಗಿರುವ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಆಟದ ಹಸ್ತಪ್ರತಿ, ಜಮೀನಿನ ಪತ್ರ, ಲೆಕ್ಕದ ವಹಿ ಗೆದ್ದಲಿನ ಪಾಲಾಗಬಾರದು. ಅವುಗಳ ಪ್ರತಿಬಿಂಬವನ್ನು ಉಳಿಸಲು ಊರಿಗೊಂದು ಸ್ಕ್ಯಾನರು ಸಾಕು. ಹಂಚಿಕೊಳ್ಳುವ ಕ್ರಮ ತಿಳಿದಿರಬೇಕು, ಅಷ್ಟೆ. 1969ರಲ್ಲಿ ಹುಕ್ಕೇರಿಯವರು ಸಹಕಾರ ಸಂಘ ಕಟ್ಟಿ ವಿದ್ಯುತ್ತನ್ನು ಹಂಚಿಕೊಂಡರಲ್ಲವೆ? ಅಲ್ಲಿಯೂ ತಂತಿಯೊಂದೇ ಸಾಲದು, ಯಾರಿಗೆ ಸಂಪರ್ಕವೆಂಬ ದಾಖಲೆ ಬೇಕು.

ಲಿನಕ್ಸ್ ಗಣಕಗಳಲ್ಲಿ ‘ಸೇನ್’ ಎಂಬ ಮುಕ್ತ ತಂತ್ರಾಂಶವಿದೆ. ಸ್ಕ್ಯಾನರು ಜೋಡಿಸಿದ ಗಣಕದಲ್ಲಿ ‘ಸೇನ್‌ಡಿ’ ಎಂಬ ಸೇವಕ 6566ನೆಯ ದ್ವಾರದಲ್ಲಿ ಕಾದಿರುತ್ತಾನೆ. ಮೊದಲು, ಯಂತ್ರವನ್ನು ಮುಟ್ಟುವ ಅನುಮತಿ ಆ ಸೇವಕನಿಗಿರಬೇಕು. ಎರಡನೆಯದು, ಬರಬಹುದಾದ ಗಣಕಗಳ ವಿಳಾಸಗಳನ್ನು ಅವನ ಕಡತದಲ್ಲಿ ಬರೆಯಬೇಕು. ಮೂರನೆಯದು, ಬೇಡುವ ಗಣಕಗಳಲ್ಲಿ ಅವನ ವಿಳಾಸವಿರಬೇಕು.

ಇಷ್ಟಾದರೂ ಯಂತ್ರ ಕಂಡು, ಚಿತ್ರ ಮಾತ್ರ ಬಾರದೆ ಇರುವುದುಂಟು. ಅಪ್ಪಣೆ 6566ರಲ್ಲಿ ಬರುತ್ತದೆ. ಚಿತ್ರ ಬೇರೊಂದು ದ್ವಾರದಿಂದ ಹೋಗುತ್ತದೆ. ಆ ದ್ವಾರಗಳ ವ್ಯಾಪ್ತಿಯನ್ನು ಕಡತದಲ್ಲಿ ನಿಗದಿಪಡಿಸಿ, ರಕ್ಷಣಾಗೋಡೆಯಲ್ಲಿ ಅವನ್ನೂ ತೆರೆಯಬೇಕು.

ಕಡತದಲ್ಲಿ ಕೂಡಿಸುವ ಚಿಹ್ನೆಯೊಂದನ್ನಿಟ್ಟರೆ ಸರ್ವರಿಗೂ ಪ್ರವೇಶ ದೊರೆಯುತ್ತದೆ. ಸುಲಭವೆಂದು ಹಾಗೆ ಮಾಡಲಾಗದು. ಪುಟಗಳು ಗೂಢಲಿಪಿಯಿಲ್ಲದೆ ಸಾಗುವುದರಿಂದ ದಾರಿಯಲ್ಲಿ ಯಾರಾದರೂ ಓದಿಯಾರು. ಈ ಸೇವೆ ಒಂದು ಕಟ್ಟಡದ ಜಾಲದೊಳಗಿರಲಿ. ಮೂಡಲಗಿಯಿಂದ ಗೋಕಾಕದ ಯಂತ್ರವನ್ನು ತಲುಪಲೇಬೇಕಾದರೆ ಗೂಢಲಿಪಿಯ ಸುರಂಗಮಾರ್ಗವೇ ಆಗಬೇಕು.

ಬಡವನ ಹೊಲದ ಪತ್ರವೂ ಆ ತಂತಿಯಲ್ಲಿ ಹರಿಯುತ್ತದೆ. ಯಂತ್ರ ಎಲ್ಲರದಾಗಲಿ, ಪತ್ರ ಅದರ ಒಡೆಯನದಾಗಿಯೇ ಉಳಿಯಲಿ ಎಂಬುದು ನನ್ನ ಅಭಿಮತ.