ಅಪರಾಧದ ಅಳತೆಯೂ ನ್ಯಾಯದ ಅವಸರವೂ

ನಮ್ಮ ಪ್ರಯೋಗಶಾಲೆಯಲ್ಲಿ ವರ್ಷವರ್ಷವೂ ನಡೆಯುವ ಒಂದು ಸಂಗತಿಯಿಂದ ಈ ಲೇಖನವನ್ನು ಆರಂಭಿಸೋಣ. ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಅಳೆಯುವ ಪ್ರಯೋಗವನ್ನು ವಿದ್ಯಾರ್ಥಿಗಳಿಗೆ ಕೊಡುತ್ತೇವೆ. ಉತ್ತರವು ೯.೮ರ ಆಸುಪಾಸಿನಲ್ಲಿರಬೇಕೆಂದು ಪಠ್ಯಪುಸ್ತಕವು ಮೊದಲೇ ಹೇಳಿಬಿಟ್ಟಿರುತ್ತದೆ. ಒಬ್ಬನು ದಾರದ ಉದ್ದವನ್ನು ತಪ್ಪಾಗಿ ಅಳೆದಿರುತ್ತಾನೆ. ಇನ್ನೊಬ್ಬನು ಆಂದೋಲನಗಳನ್ನು ಎಣಿಸುವಾಗ ಒಂದೆರಡನ್ನು ಬಿಟ್ಟಿರುತ್ತಾನೆ. ಆದರೂ ರೆಕಾರ್ಡ್ ಪುಸ್ತಕದಲ್ಲಿ ಮಾತ್ರ ೯.೮ ಬಂದು ಕುಳಿತಿರುತ್ತದೆ! ಬೇಕಾದ ಉತ್ತರವನ್ನು ಮುಂದಿಟ್ಟುಕೊಂಡು ಅದಕ್ಕೆ ತಕ್ಕಂತೆ ಅಂಕಿಗಳನ್ನು ಹೊಂದಿಸುವ ಈ ಚಾಳಿಯಿಂದ ಪ್ರಯೋಗಶಾಲೆಯಲ್ಲಿ ಹೆಚ್ಚೆಂದರೆ ನಾಲ್ಕು ಅಂಕ ಹೋದೀತು. ಇದೇ ಚಾಳಿ ಪೊಲೀಸು ಠಾಣೆಯನ್ನೂ ನ್ಯಾಯಾಲಯವನ್ನೂ ಹೊಕ್ಕರೆ ಏನಾಗುತ್ತದೆ? ಅತಿ ವೇಗದಿಂದ ಬೆಳೆದ ಚೀನೀ ಸಮಾಜಗಳ ಇತಿಹಾಸವು ಇದಕ್ಕೆ ಉತ್ತರ ಕೊಡುತ್ತದೆ.

೧೯೭೮ರಲ್ಲಿ ಚೀನದ ನೂರು ಜನರಲ್ಲಿ ಪಟ್ಟಣವಾಸಿಗಳು ಹದಿನೆಂಟು ಮಂದಿಯೂ ಇರಲಿಲ್ಲ. ೨೦೧೧ರ ವೇಳೆಗೆ ಅರ್ಧಕ್ಕಿಂತ ಹೆಚ್ಚು ಜನರು ಪಟ್ಟಣಗಳಲ್ಲಿದ್ದರು. ಯೂರೋಪಿನಲ್ಲಿ ಶತಮಾನವನ್ನೇ ತೆಗೆದುಕೊಂಡ ಬದಲಾವಣೆಯು ಇಲ್ಲಿ ಒಂದು ತಲೆಮಾರಿನಲ್ಲಿ ಮುಗಿಯಿತು. ಹಳ್ಳಿಯಲ್ಲಿ ಪ್ರತಿಯೊಬ್ಬನನ್ನೂ ಬಲ್ಲ ನೆರೆಹೊರೆಯವರಿದ್ದರು. ನಗರದಲ್ಲಿ ಎಲ್ಲರೂ ಎಲ್ಲರಿಗೂ ಅಪರಿಚಿತರು. ಕದಿಯಲು ವಸ್ತುಗಳೂ ಹೆಚ್ಚಿದುವು, ಕದ್ದು ಮರೆಯಾಗಲು ಜನಸಂದಣಿಯೂ ಹೆಚ್ಚಿತು. ಇಂತಹ ಕಾಲದಲ್ಲಿ ಅಪರಾಧಗಳು ಏರುವುದು ಆಶ್ಚರ್ಯವಲ್ಲ. ಆದರೆ ಅವು ಎಷ್ಟು ಏರಿದುವು? ಭೌತವಿಜ್ಞಾನದ ವಿದ್ಯಾರ್ಥಿಯು ಮೊದಲು ಕೇಳತಕ್ಕ ಪ್ರಶ್ನೆಯಿದು.

ಚೀನದ ಪೊಲೀಸರು ದಾಖಲಿಸಿದ ಅಪರಾಧಗಳ ಸಂಖ್ಯೆಯನ್ನು ನೋಡೋಣ. ೧೯೮೪ರಲ್ಲಿ ಸುಮಾರು ೫.೧ ಲಕ್ಷ; ೧೯೮೮ರಲ್ಲಿ ೮.೩ ಲಕ್ಷ. ಮರುವರ್ಷವೇ, ೧೯೮೯ರಲ್ಲಿ, ೧೯.೭ ಲಕ್ಷ! ಹನ್ನೆರಡು ತಿಂಗಳಲ್ಲಿ ಕಳ್ಳರು ಇಮ್ಮಡಿಗೂ ಮಿಗಿಲಾದರೆ? ಹಾಗಲ್ಲ. ಕೆಳಗಿನ ಠಾಣೆಗಳು ಬಹಳಷ್ಟು ದೂರುಗಳನ್ನು ದಾಖಲೆಗೇ ತಾರದೆ ಮುಚ್ಚಿಡುತ್ತಿದ್ದುದು ಮೇಲಧಿಕಾರಿಗಳ ಗಮನಕ್ಕೆ ಬಂದಿತ್ತು. ಎಲ್ಲವನ್ನೂ ಬರೆದಿಡಬೇಕೆಂದು ಕಟ್ಟುನಿಟ್ಟು ಮಾಡಿದೊಡನೆ ಅಂಕಿಯು ನೆಗೆಯಿತು. ೧೯೯೧ರಲ್ಲಿ ೨೩.೭ ಲಕ್ಷಕ್ಕೆ ಏರಿದ್ದ ಸಂಖ್ಯೆ ೧೯೯೨ರಲ್ಲಿ ೧೫.೮ ಲಕ್ಷಕ್ಕೆ ಕುಸಿಯಿತು. ಜನರೆಲ್ಲ ಒಮ್ಮೆಗೇ ಸಜ್ಜನರಾದುದೇ ಇದಕ್ಕೆ ಕಾರಣವೆ? ಅದೂ ಅಲ್ಲ. ಎಷ್ಟು ಬೆಲೆಯ ಮಾಲು ಹೋದರೆ ಕಳವೆಂದು ದಾಖಲಿಸಬೇಕೆಂಬ ಮಿತಿಯನ್ನು ಆ ವರ್ಷ ಮೇಲಕ್ಕೆ ಏರಿಸಿದ್ದರು. ಜ್ವರ ಇಳಿದಿರಲಿಲ್ಲ, ಉಷ್ಣಮಾಪಕದ ಗುರುತುಗಳು ಬದಲಾಗಿದ್ದುವು. ಅಪರಾಧದ ಅಂಕಿಯಲ್ಲಿ ಯಾವಾಗಲೂ ಎರಡು ಸಂಗತಿಗಳು ಬೆರೆತಿರುತ್ತವೆ: ನಡೆದ ಅಪರಾಧ, ಮತ್ತು ಅದನ್ನು ಬರೆದುಕೊಂಡ ಕೈ. ಇವೆರಡನ್ನೂ ಬೇರ್ಪಡಿಸದೆ ಮಾಡಿದ ತೀರ್ಮಾನಕ್ಕೆ ಬೆಲೆಯಿಲ್ಲ.

ಅಂಕಿಗಳು ಹೇಗಿದ್ದರೂ ಜನರ ಭಯ ನಿಜವಾಗಿತ್ತು. ಸರ್ಕಾರವು ಕೈಕಟ್ಟಿ ಕೂರುವಂತಿರಲಿಲ್ಲ. ೧೯೮೩ರ ಆಗಸ್ಟಿನಲ್ಲಿ, ಡೆಂಗ್ ಷಿಯಾವೊಪಿಂಗ್ ಅವರ ಪ್ರೇರಣೆಯಿಂದ, ‘ಯಾನ್ ದಾ’ ಎಂಬ ಕಾರ್ಯಾಚರಣೆ ಆರಂಭವಾಯಿತು. ‘ಬಲವಾಗಿ ಹೊಡೆ’ ಎಂಬುದು ಈ ಪದದ ಅರ್ಥ. ಗುರುತರವಾದ ಕೆಲವು ಅಪರಾಧಗಳಲ್ಲಿ ಮೇಲ್ಮನವಿಗಿದ್ದ ಹತ್ತು ದಿನಗಳ ಅವಧಿಯನ್ನು ಮೂರು ದಿನಗಳಿಗೆ ಇಳಿಸಲಾಯಿತು. ಮರಣದಂಡನೆಯನ್ನು ದೃಢಪಡಿಸುವ ಅಧಿಕಾರವು ಅನೇಕ ಬಗೆಯ ಮೊಕದ್ದಮೆಗಳಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ ಪ್ರಾಂತಗಳ ಉಚ್ಚ ನ್ಯಾಯಾಲಯಗಳಿಗೆ ಇಳಿಯಿತು. ಹೀಗೆ ಮೇಲ್ಮನವಿಯನ್ನು ಕೇಳುವವರೂ ದಂಡನೆಯನ್ನು ದೃಢಪಡಿಸುವವರೂ ಒಬ್ಬರೇ ಆದರು. ತಾನು ಅಳೆದುದನ್ನು ತಾನೇ ಪರಿಶೀಲಿಸುವವನಿಗೆ ತನ್ನ ತಪ್ಪು ಕಾಣುವುದು ಅಪರೂಪವಷ್ಟೆ.

೧೯೯೬ರ ಏಪ್ರಿಲಿನಲ್ಲಿ ಇಂತಹದೇ ಎರಡನೆಯ ಕಾರ್ಯಾಚರಣೆ ಮೊದಲಾಯಿತು. ಅದೇ ತಿಂಗಳ ೯ರಂದು ಒಳ ಮಂಗೋಲಿಯದ ಹೊಹೋಟ್ ನಗರದ ಸಾರ್ವಜನಿಕ ಶೌಚಾಲಯವೊಂದರಲ್ಲಿ ಹೆಂಗಸೊಬ್ಬಳ ಶವ ಸಿಕ್ಕಿತು. ಅದನ್ನು ಕಂಡು ಪೊಲೀಸರಿಗೆ ತಿಳಿಸಿದವನು ಹದಿನೆಂಟು ವರ್ಷದ ಹುಗ್ಜಿಲ್ತು ಎಂಬ ಕಾರ್ಖಾನೆಯ ಕೆಲಸಗಾರ. ತಿಳಿಸಿದವನ ಮೇಲೆಯೇ ಸಂದೇಹ ಬಿದ್ದಿತು, ತಪ್ಪೊಪ್ಪಿಗೆಯೂ ಹೊರಟಿತು. ಜೂನ್ ೧೦ರಂದು ಅವನನ್ನು ಕೊಂದರು. ಶವ ಸಿಕ್ಕ ದಿನಕ್ಕೂ ಇದಕ್ಕೂ ಅಂತರ ಕೇವಲ ೬೨ ದಿನಗಳು!

ಅವನ ವಿರುದ್ಧ ಒಡ್ಡಿದ ‘ವೈಜ್ಞಾನಿಕ’ ಸಾಕ್ಷ್ಯ ಯಾವುದು? ಅವನ ಉಗುರಿನ ಸಂದಿಯಲ್ಲಿ ದೊರೆತ ರಕ್ತದ ಗುಂಪೂ ಸತ್ತವಳ ರಕ್ತದ ಗುಂಪೂ ಒಂದೇ ಎಂಬುದು. ಓದುಗರು ಇಲ್ಲಿ ಕ್ಷಣಕಾಲ ನಿಲ್ಲಬೇಕು. ಒಂದೇ ರಕ್ತಗುಂಪಿಗೆ ಸೇರಿದವರು ಲೋಕದಲ್ಲಿ ಕೋಟಿಗಟ್ಟಲೆ ಇದ್ದಾರೆ. ರಕ್ತದ ಗುಂಪು ಹೊಂದದಿದ್ದರೆ ಒಬ್ಬನನ್ನು ನಿರಪರಾಧಿಯೆನ್ನಬಹುದು. ಹೊಂದಿದ ಮಾತ್ರಕ್ಕೆ ಅಪರಾಧಿಯೆನ್ನಲಾಗದು. ಡಿ.ಎನ್.ಎ. ಪರೀಕ್ಷೆಯ ಬಲವೇ ಬೇರೆ. ಅದು ಒಂದೇ ಮೊಟ್ಟೆಯಿಂದ ಹುಟ್ಟಿದ ಅವಳಿಗಳನ್ನುಳಿದು ಇತರ ವ್ಯಕ್ತಿಗಳನ್ನು ಪ್ರತ್ಯೇಕಿಸಬಲ್ಲುದು. ೨೦೧೪ರ ಡಿಸೆಂಬರ್ ೧೫ರಂದು ಒಳ ಮಂಗೋಲಿಯದ ಉಚ್ಚ ನ್ಯಾಯಾಲಯವು ಹುಗ್ಜಿಲ್ತುವನ್ನು ನಿರಪರಾಧಿಯೆಂದು ಸಾರಿತು. ರಕ್ತದ ಗುಂಪು ಅವನೊಬ್ಬನನ್ನೇ ತೋರಿಸುವ ಸಾಕ್ಷ್ಯವಲ್ಲವೆಂಬುದು ಅದು ಕೊಟ್ಟ ಕಾರಣಗಳಲ್ಲೊಂದು. ತೀರ್ಪು ಸರಿಯಾದುದೇ, ಆದರೆ ಅದನ್ನು ಕೇಳಬೇಕಾಗಿದ್ದವನು ಸತ್ತು ಹದಿನೆಂಟು ವರ್ಷಗಳಾಗಿದ್ದುವು.

ಹುಬೈ ಪ್ರಾಂತದ ಜಿಂಗ್‌ಷಾನ್‌ನಲ್ಲಿ ನಡೆದ ಪ್ರಸಂಗ ಇನ್ನೂ ವಿಚಿತ್ರ. ೧೯೯೪ರ ಆರಂಭದಲ್ಲಿ ಕಾವಲು ಕೆಲಸದವನೊಬ್ಬನ ಹೆಂಡತಿ ಕಾಣೆಯಾದಳು. ಕೆಲವು ತಿಂಗಳ ಬಳಿಕ ನೀರಿನಲ್ಲಿ ಕೊಳೆತ ಹೆಣವೊಂದು ದೊರೆಯಿತು. ಬಂಧುಗಳು ಅದನ್ನು ಅವಳದೇ ಎಂದರು; ಡಿ.ಎನ್.ಎ. ಪರೀಕ್ಷೆ ನಡೆಯಲಿಲ್ಲ. ಗಂಡನು ಹತ್ತು ಹಗಲು ಹನ್ನೊಂದು ರಾತ್ರಿಗಳ ವಿಚಾರಣೆಯಲ್ಲಿ ಹಿಂಸೆ ತಾಳಲಾರದೆ ಒಪ್ಪಿಕೊಂಡೆನೆಂದು ಅನಂತರ ಹೇಳಿದನು. ಮೊದಲು ಅವನಿಗೆ ಮರಣದಂಡನೆಯಾಯಿತು. ಸಾಕ್ಷ್ಯ ಸ್ಪಷ್ಟವಿಲ್ಲವೆಂದು ಮೇಲಿನ ನ್ಯಾಯಾಲಯವು ಮೊಕದ್ದಮೆಯನ್ನು ಹಿಂದಕ್ಕೆ ಕಳುಹಿಸಿತು. ಕೊನೆಗೆ ೧೯೯೮ರಲ್ಲಿ ೧೫ ವರ್ಷಗಳ ಸೆರೆಯೆಂದು ತೀರ್ಪಾಯಿತು. ಸಂದೇಹವಿದ್ದರೆ ಬಿಡುಗಡೆ ಮಾಡಬೇಕಾಗಿದ್ದಲ್ಲಿ ಶಿಕ್ಷೆಯನ್ನು ಮಾತ್ರ ಕಡಮೆ ಮಾಡಿದರು! ೨೦೦೫ರ ಮಾರ್ಚಿನಲ್ಲಿ ಆ ಹೆಂಡತಿಯು ಜೀವಂತವಾಗಿ ಊರಿಗೆ ಮರಳಿದಳು. ಗಂಡನು ಆ ವೇಳೆಗೆ ಹನ್ನೊಂದು ವರ್ಷ ಸೆರೆಯಲ್ಲಿದ್ದನು. ಮೇಲಿನ ನ್ಯಾಯಾಲಯದ ಒಂದು ಸಂದೇಹ ಅವನ ಜೀವವನ್ನು ಉಳಿಸಿತ್ತು.

ಇವುಗಳಲ್ಲಿ ದೋಷವೆಲ್ಲಿದೆ? ಯಾತನೆಯಿಂದ ಹೊರಡಿಸಿದ ತಪ್ಪೊಪ್ಪಿಗೆಯು ಕ್ರೂರವಾದುದೆಂಬುದು ಎಲ್ಲರಿಗೂ ತಿಳಿದಿದೆ. ಅದು ಅಳತೆಯ ದೃಷ್ಟಿಯಿಂದಲೂ ನಿರುಪಯೋಗಿ ಎಂಬುದನ್ನು ನಾವು ಇಲ್ಲಿ ಒತ್ತಿ ಹೇಳಬೇಕಾಗಿದೆ. ಒಂದು ಅಳತೆಯನ್ನು ಇನ್ನೊಂದು ಸಮರ್ಥಿಸಬೇಕಾದರೆ ಅವೆರಡೂ ಸ್ವತಂತ್ರವಾಗಿರಬೇಕು. ಕೊಲೆಯಾದುದೆಲ್ಲಿ, ಹೇಗೆ ಎಂಬುದು ವಿಚಾರಣೆ ಮಾಡುವವನಿಗೆ ಮೊದಲೇ ಗೊತ್ತು. ಅವನ ಪ್ರಶ್ನೆಗಳಿಂದಲೇ ಬಂಧಿತನು ಉತ್ತರವನ್ನು ಕಲಿಯುತ್ತಾನೆ. ಅಪರಾಧಿಯೂ ನೋವಿಗೆ ಒಪ್ಪುತ್ತಾನೆ, ನಿರಪರಾಧಿಯೂ ಒಪ್ಪುತ್ತಾನೆ. ಎರಡು ಬೇರೆ ಸ್ಥಿತಿಗಳಲ್ಲಿಯೂ ಒಂದೇ ಗುರುತನ್ನು ತೋರುವ ಮುಳ್ಳನ್ನು ನಾವು ಮಾಪಕವೆನ್ನಬಹುದೆ?

ಇದು ಒಂದು ರಾಜ್ಯಪದ್ಧತಿಯ ದೋಷ ಮಾತ್ರವೆಂದು ಓದುಗರು ಭಾವಿಸಬಾರದು. ತೈವಾನಿನಲ್ಲಿ ೧೯೯೬ರಲ್ಲಿ ಬಾಲಿಕೆಯೊಬ್ಬಳ ಕೊಲೆಯಾದಾಗ ಚಿಯಾಂಗ್ ಕುವೊ-ಚಿಂಗ್ ಎಂಬ ವಾಯುಪಡೆಯ ಯುವಕನಿಂದ ಯಾತನೆಯ ಮೂಲಕ ತಪ್ಪೊಪ್ಪಿಗೆ ಪಡೆದರು. ೧೯೯೭ರಲ್ಲಿ ಅವನಿಗೆ ಮರಣದಂಡನೆಯಾಯಿತು. ೨೦೧೧ರಲ್ಲಿ ಸೈನಿಕ ನ್ಯಾಯಾಲಯವೇ ಅವನನ್ನು ನಿರಪರಾಧಿಯೆಂದಿತು. ಕೊಲೆ ನಡೆದ ೧೯೯೬ ತೈವಾನಿನ ಜನರು ಮತ ಹಾಕಿ ಅಧ್ಯಕ್ಷರನ್ನು ಆರಿಸಿದ ಮೊದಲ ವರ್ಷವೇ ಆಗಿತ್ತು! ಬೇಗ ಪತ್ತೆಮಾಡಿರೆಂಬ ಒತ್ತಡ ಎಲ್ಲಿದೆಯೋ ಅಲ್ಲಿ ಈ ಅಪಾಯವೂ ಇದೆ.

ಹಾಗಾದರೆ ಬಲವಾಗಿ ಹೊಡೆಯದೆ ಅಪರಾಧವನ್ನು ಅಡಗಿಸುವುದು ಹೇಗೆ ಎಂದು ಕೇಳಬಹುದು. ಹಾಂಗ್‌ಕಾಂಗಿನ ಉದಾಹರಣೆಯನ್ನು ನೋಡೋಣ. ಬ್ರಿಟಿಷರ ಆಳ್ವಿಕೆಯಲ್ಲಿದ್ದ ಆ ನಗರವೂ ೧೯೬೦ರ ದಶಕದಲ್ಲಿ ಅತಿ ವೇಗದಿಂದ ಬೆಳೆಯಿತು. ಅದರೊಡನೆ ಪೊಲೀಸರ ಲಂಚಗುಳಿತನವೂ ಬೆಳೆಯಿತು. ೧೯೭೩ರಲ್ಲಿ, ತನಿಖೆ ನಡೆಯುತ್ತಿದ್ದಾಗಲೇ, ಪೀಟರ್ ಗಾಡ್ಬರ್ ಎಂಬ ಹಿರಿಯ ಪೊಲೀಸ್ ಅಧಿಕಾರಿಯು ದೇಶ ಬಿಟ್ಟು ಓಡಿಹೋದನು. ಜನರು ಬೀದಿಗಿಳಿದರು. ೧೯೭೪ರ ಫೆಬ್ರವರಿಯಲ್ಲಿ ಪೊಲೀಸರಿಗೆ ಅಧೀನವಲ್ಲದ ಲಂಚವಿರೋಧಿ ಸ್ವತಂತ್ರ ಆಯೋಗವೊಂದು ಸ್ಥಾಪಿತವಾಯಿತು. ತನಿಖೆ, ಕಚೇರಿಗಳ ರೀತಿನೀತಿಗಳ ತಿದ್ದುಪಡಿ, ಜನಶಿಕ್ಷಣ ಇವು ಮೂರೂ ಅದರ ಕಾರ್ಯಗಳಾದುವು. ಗಾಡ್ಬರನನ್ನು ಹಿಡಿದುತಂದರು; ಅವನಿಗಾದ ಶಿಕ್ಷೆ ನಾಲ್ಕು ವರ್ಷಗಳ ಸೆರೆ ಮಾತ್ರ. ದಾರಿ ಸುಗಮವಾಗಿರಲಿಲ್ಲ. ೧೯೭೭ರಲ್ಲಿ ಪೊಲೀಸರೇ ಆಯೋಗದ ಕಚೇರಿಗೆ ನುಗ್ಗಿದರು. ಹಿಂದಿನ ಅನೇಕ ತಪ್ಪುಗಳಿಗೆ ಸರ್ಕಾರವು ಕ್ಷಮಾದಾನ ಕೊಡಬೇಕಾಯಿತು. ಆದರೂ ಕೆಲವೇ ವರ್ಷಗಳಲ್ಲಿ ಬಹಿರಂಗವಾದ ಲಂಚದ ಜಾಲಗಳು ಮುರಿದುಬಿದ್ದುವು. ಮನುಷ್ಯನನ್ನು ತಡೆದುದು ದಂಡನೆಯ ಉಗ್ರತೆಯಲ್ಲ. ಸಿಕ್ಕಿಬೀಳುವುದು ಖಂಡಿತವೆಂಬ ಅರಿವು.

ಚೀನವೂ ಈ ಪಾಠವನ್ನು ಕಲಿಯದೆ ಇಲ್ಲ. ಮೇಲ್ಮನವಿಯ ಮೂರು ದಿನಗಳ ನಿಯಮವು ೧೯೯೭ರಿಂದ ರದ್ದಾಯಿತು. ೨೦೦೭ರ ಜನವರಿ ೧ರಿಂದ ಮರಣದಂಡನೆಗಳ ಪರಿಶೀಲನೆ ಮತ್ತೆ ಸರ್ವೋಚ್ಚ ನ್ಯಾಯಾಲಯದ ಕೈಸೇರಿತು. ೨೦೧೩ರಿಂದ ಜಾರಿಗೆ ಬಂದ ಪರಿಷ್ಕೃತ ಕಾನೂನು, ಹಿಂಸೆಯಿಂದ ಪಡೆದ ತಪ್ಪೊಪ್ಪಿಗೆಯನ್ನು ಕೈಬಿಡಬೇಕೆಂದಿತು. ಮರಣದಂಡನೆಯಾಗಬಹುದಾದ ಮೊಕದ್ದಮೆಗಳಲ್ಲಿ ವಿಚಾರಣೆಯ ಧ್ವನಿ ಅಥವಾ ದೃಶ್ಯ ಮುದ್ರಣವನ್ನು ಕಡ್ಡಾಯ ಮಾಡಿತು. ೨೦೧೫ರಲ್ಲಿ, ಇಷ್ಟು ಬಂಧನ ಇಷ್ಟು ಶಿಕ್ಷೆ ಆಗಲೇಬೇಕೆಂಬ ಗುರಿಗಳನ್ನು ತೆಗೆದುಹಾಕುವಂತೆ ಆಜ್ಞೆಯಾಯಿತು. ಹೊಹೋಟ್ ಕೊಲೆಯನ್ನು ತಾನೇ ಮಾಡಿದೆನೆಂದು ಬೇರೊಬ್ಬನು ಒಪ್ಪಿಕೊಂಡಿದ್ದರೂ, ಅದೇ ವರ್ಷ ನ್ಯಾಯಾಲಯವು ಇತರ ಕೊಲೆಗಳಿಗೆ ಅವನನ್ನು ದಂಡಿಸಿ, ಆ ಒಂದು ಆರೋಪಕ್ಕೆ ಮಾತ್ರ ಸಾಕ್ಷ್ಯ ಸಾಲದೆಂದಿತು. ಬರಿಯ ತಪ್ಪೊಪ್ಪಿಗೆ ಸಾಲದೆಂಬ ಮಾತು ಕಡೆಗಾದರೂ ತೀರ್ಪಿನಲ್ಲಿ ಕಾಣಿಸಿಕೊಂಡಿತು.

ಆದರೆ ಕೆಲಸ ಮುಗಿಯಿತೆನ್ನುವಂತಿಲ್ಲ. ವರ್ಷದಲ್ಲಿ ಎಷ್ಟು ಮಂದಿಗೆ ಮರಣದಂಡನೆಯಾಯಿತೆಂಬುದನ್ನು ಚೀನವು ರಾಜ್ಯರಹಸ್ಯವಾಗಿಟ್ಟಿದೆ. ಅಲ್ಲಿನ ನ್ಯಾಯಾಲಯಗಳಲ್ಲಿ ಆರೋಪಕ್ಕೊಳಗಾದ ಸಾವಿರ ಮಂದಿಯಲ್ಲಿ ನಿರಪರಾಧಿಯೆನಿಸುವವನು ಒಬ್ಬನೂ ಸಿಕ್ಕುವುದು ಕಷ್ಟ. ದುರ್ಬಲವಾದ ಮೊಕದ್ದಮೆಗಳು ಮೊದಲೇ ಕೈಬಿಡಲ್ಪಡುತ್ತವೆ ಎಂಬುದೂ ಇದಕ್ಕೆ ಒಂದು ಕಾರಣವಿರಬಹುದು. ಆದರೂ ಯಾವ ದಾರವನ್ನು ಕಟ್ಟಿದರೂ ೯.೮ ಎಂದೇ ಬರುವ ರೆಕಾರ್ಡ್ ಪುಸ್ತಕವನ್ನು ಕಂಡಾಗ ನಾವು ಲೋಲಕವನ್ನು ಹೊಗಳುವುದಿಲ್ಲ. ಆ ವಿದ್ಯಾರ್ಥಿಯನ್ನು ಕರೆದು, ಮತ್ತೊಮ್ಮೆ ಅಳೆ ಎನ್ನುತ್ತೇವೆ.

ಪ್ರಯೋಗಶಾಲೆಯಲ್ಲಿ ಮತ್ತೊಮ್ಮೆ ಅಳೆಯಬಹುದು. ನೇಣಾದ ಅಥವಾ ಗುಂಡಿಗೆ ಬಲಿಯಾದ ಮನುಷ್ಯನ ವಿಷಯದಲ್ಲಿ ಎರಡನೆಯ ಅಳತೆಗೆ ಅವಕಾಶವಿಲ್ಲ. ಆದುದರಿಂದ ನ್ಯಾಯಾಧೀಶನ ಸಂದೇಹವು ಕೆಲಸವನ್ನು ತಡಮಾಡುವ ದೌರ್ಬಲ್ಯವಲ್ಲ. ಅದೂ ಅಳತೆಯ ಒಂದು ಅಂಗ. ನಾಳೆ ವಕೀಲರೋ ಅಧಿಕಾರಿಗಳೋ ಆಗಲಿರುವ ನಮ್ಮ ವಿದ್ಯಾರ್ಥಿಗಳು ಮುಂದಿನ ಸಲ ಲೋಲಕದ ಮುಂದೆ ನಿಂತಾಗ, ಬಂದ ಅಂಕಿಯನ್ನೇ, ಅದು ೯.೩ ಆಗಿದ್ದರೂ, ಬರೆಯಲಿ. ತಪ್ಪು ಎಲ್ಲಿ ಆಯಿತೆಂದು ಆಮೇಲೆ ಹುಡುಕೋಣ.